ಬೇಟೆಯ ಕೋವಿಗೆ ಕಟ್ಟುವ ಬೆಲೆ

ವಸ್ತುವಿಗೆ ಮನುಷ್ಯನು ಕಟ್ಟುವ ಬೆಲೆಯು ಆ ವಸ್ತುವಿನ ಗುಣಕ್ಕಿಂತ ಹೆಚ್ಚಾಗಿ ಕಟ್ಟುವವನ ಮನೋಧರ್ಮವನ್ನು ತಿಳಿಸುತ್ತದೆ. ಈ ಮಾತಿಗೆ ಹಳೆಯ ಬೇಟೆಯ ರೈಫಲ್ಲುಗಳ ವ್ಯಾಪಾರದಷ್ಟು ಸ್ಪಷ್ಟವಾದ ನಿದರ್ಶನ ಬೇರೊಂದು ದೊರೆಯುವುದು ಕಷ್ಟ. ಒಂದು ಕಾಲಕ್ಕೆ ಕಾಡುಮೃಗಗಳನ್ನು ಕೊಂದು, ಬಳಿಕ ಅರಮನೆಯ ಉಗ್ರಾಣದಲ್ಲೋ ತೋಟದ ಬಂಗಲೆಯ ಅಟ್ಟದ ಮೇಲೋ ತುಕ್ಕು ಹಿಡಿದು ಬಿದ್ದಿದ್ದ ಈ ಆಯುಧಗಳನ್ನು ಹುಡುಕಿ ತೆಗೆದು, ತಿಕ್ಕಿ ತೊಳೆದು, ಹೊಳಪು ಬರಿಸಿ, ದೊಡ್ಡ ಮೊತ್ತಕ್ಕೆ ಮಾರುವ ಅಭಿರುಚಿಯೊಂದು ಲೋಕದಲ್ಲಿ ಬೇರೂರಿದೆ. ಇದನ್ನು ಕಲೆಯ ಆರಾಧನೆಯೆಂದೂ ಇತಿಹಾಸದ ರಕ್ಷಣೆಯೆಂದೂ ಕೊಂಡಾಡುವವರಿದ್ದಾರೆ. ಆ ಕೊಂಡಾಟದಲ್ಲಿ ಸತ್ಯಾಂಶವೆಷ್ಟು, ಆತ್ಮವಂಚನೆಯೆಷ್ಟು ಎಂಬುದನ್ನು ವಿವೇಚಿಸುವುದು ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರ ಕರ್ತವ್ಯವಾಗಿದೆ.

ಮೊದಲು ವಸ್ತುಸ್ಥಿತಿಯನ್ನು ಅರಿಯಬೇಕು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಎರಡನೆಯ ಮಹಾಯುದ್ಧದವರೆಗೆ ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್ ನಗರಗಳ ಕೋವಿ ತಯಾರಕರು ದೊಡ್ಡ ಮೃಗಗಳ ಬೇಟೆಗೆಂದೇ ಜೋಡುನಳಿಗೆಯ ಭಾರಿ ರೈಫಲ್ಲುಗಳನ್ನು ಮಾಡುತ್ತಿದ್ದರು. ಹಾಲೆಂಡ್ ಅಂಡ್ ಹಾಲೆಂಡ್, ಜಾನ್ ರಿಗ್ಬಿ, ವೆಸ್ಟ್ಲಿ ರಿಚರ್ಡ್ಸ್, ಜೆಫ್ರಿ ಮೊದಲಾದ ಹೆಸರುಗಳು ಆ ಕಾಲದ ಬೇಟೆಗಾರರ ಬಾಯಲ್ಲಿ ನಲಿದಾಡುತ್ತಿದ್ದವು. ಭಾರತದ ರಾಜಮಹಾರಾಜರೂ ಬ್ರಿಟಿಷ್ ಅಧಿಕಾರಿಗಳೂ ಇವುಗಳ ಮುಖ್ಯ ಗಿರಾಕಿಗಳಾಗಿದ್ದರು. ಸಂಸ್ಥಾನಗಳು ಅಳಿದವು, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಈ ದೇಶದಲ್ಲಿ ಬೇಟೆಯ ಕ್ರೀಡೆಗೆ ತೆರೆಯೆಳೆಯಿತು. ಕೋವಿಗಳು ಮಾತ್ರ ಉಳಿದವು. ಅವುಗಳಲ್ಲಿ ಹಲವು ಇಂಗ್ಲೆಂಡ್ ಮತ್ತು ಅಮೆರಿಕದ ಹರಾಜು ಮನೆಗಳನ್ನು ಸೇರಿ, ಸಂಗ್ರಾಹಕರಿಂದ ಸಂಗ್ರಾಹಕರಿಗೆ ಸಾಗುತ್ತಿವೆ.

ಇಂತಹ ಕೋವಿಯನ್ನು ಮರಳಿ ಸುಸ್ಥಿತಿಗೆ ತರುವ ಕೆಲಸದಲ್ಲಿ ನಿಜವಾದ ಕೌಶಲವಿದೆ ಎಂಬುದನ್ನು ಒಪ್ಪಲೇಬೇಕು. ಹಳೆಯ ತೋಟೆಗಳ ಕೇಪಿನಲ್ಲಿದ್ದ ರಾಸಾಯನಿಕವು ಉರಿದ ಮೇಲೆ ಅಡುಗೆ ಉಪ್ಪಿನ ಜಾತಿಯ ಲವಣವೊಂದನ್ನು ನಳಿಗೆಯೊಳಗೆ ಉಳಿಸುತ್ತಿತ್ತು. ಬಿಸಿನೀರಿನಿಂದ ತೊಳೆಯದೆ ಬಿಟ್ಟರೆ ಅದು ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತಿತ್ತು. ಮಳೆನಾಡಿನ ಹವೆಯಲ್ಲಿ ಈ ಹಾನಿ ಇನ್ನೂ ಬೇಗನೆ ಆಗುವುದು. ಕುಶಲಿಯಾದ ಕೆಲಸಗಾರನು ಬಿಗಿದುಕೊಂಡ ತಿರುಪುಗಳನ್ನು ದಿನಗಟ್ಟಲೆ ಎಣ್ಣೆಯಲ್ಲಿ ನೆನೆಸಿ ಬಿಚ್ಚುತ್ತಾನೆ. ಕೆಂಪು ತುಕ್ಕು ಹಿಡಿದ ನಳಿಗೆಯನ್ನು ನೀರಿನಲ್ಲಿ ಕುದಿಸಿದರೆ ಆ ತುಕ್ಕು ಕಪ್ಪಾಗಿ ಮಾರ್ಪಡುತ್ತದೆ. ಅದನ್ನು ನವುರಾದ ಉಕ್ಕಿನ ಎಳೆಗಳಿಂದ ಉಜ್ಜಿ ತೆಗೆಯುತ್ತಾನೆ. ನಳಿಗೆಗೆ ಹಳೆಯ ಕರಿನೀಲಿ ಬಣ್ಣ ಬರಬೇಕಾದರೆ ಮತ್ತೆ ತುಕ್ಕನ್ನೇ ಆಶ್ರಯಿಸಬೇಕು. ದ್ರಾವಣ ಹಚ್ಚಿ, ತೇವದ ಪೆಟ್ಟಿಗೆಯಲ್ಲಿಟ್ಟು ತುಕ್ಕು ಬರಿಸಿ, ಕುದಿಸಿ, ಉಜ್ಜಿ, ಇದನ್ನೇ ಹಲವು ಬಾರಿ ಮಾಡಿದಾಗ ಆ ಬಣ್ಣ ಕೂಡುತ್ತದೆ. ಅಕ್ರೋಟು ಮರದ ಹಿಡಿಯೊಳಗೆ ಇಳಿದ ಹಳೆಯ ಎಣ್ಣೆಯನ್ನು ಸೀಮೆಸುಣ್ಣದ ಪುಡಿಯಿಂದ ಹೀರಿಸಿ, ಅಗಸೆ ಎಣ್ಣೆಯನ್ನು ಅಂಗೈಯಿಂದ ತಿಕ್ಕಿ ತಿಕ್ಕಿ ಹೊಳಪು ಬರಿಸುತ್ತಾನೆ. ಈ ಸಹನೆ, ಈ ಏಕಾಗ್ರತೆ ಮನುಷ್ಯನ ಒಳ್ಳೆಯ ಗುಣಗಳೇ.

ಆದರೆ ಆ ಕೈಗೆಲಸದ ನಡುವೆಯೇ ಕಣ್ಣಿಗೆ ಬೀಳುವ ಕೆಲವು ಸಂಗತಿಗಳಿವೆ. ಕೋವಿಯ ಉಕ್ಕಿನ ಮೈಗೆ ನವಿಲುಗರಿಯಂತಹ ಬಣ್ಣಗಳು ಬರುವುದು ಮೂಳೆಯ ಇದ್ದಿಲಿನಲ್ಲಿ ಹೂತು ಕಾಯಿಸುವುದರಿಂದ. ಮರದ ಹಿಡಿಯ ತುದಿಗೆ ಕೂರಿಸುವುದು ಎಮ್ಮೆಯ ಕೊಂಬು. ಮಬ್ಬುಬೆಳಕಿನಲ್ಲಿ ಗುರಿ ಕಾಣಲೆಂದು ಕೆಲವು ರೈಫಲ್ಲುಗಳ ನಳಿಗೆಯ ತುದಿಗೆ ಕೂರಿಸಿದ್ದು ದಂತದ ಮಣಿ. ಮೃಗವನ್ನು ಕೊಲ್ಲುವ ಯಂತ್ರದ ಅಲಂಕಾರವೂ ಮೃಗದ ಅಂಗಗಳಿಂದಲೇ ಆಗಿದೆ. ಸೌಂದರ್ಯವನ್ನು ಹೊಗಳುವವರು ಈ ಮೂಳೆ, ಈ ಕೊಂಬು, ಈ ದಂತ ಯಾವ ಜೀವದ್ದು ಎಂದು ಕೇಳಿದ ಉದಾಹರಣೆ ಅಪರೂಪ.

ಈ ವ್ಯಾಪಾರಕ್ಕೆ ಇನ್ನೊಂದು ವಿಚಿತ್ರ ನಿಯಮವಿದೆ. ಅತಿಯಾಗಿ ಉಜ್ಜಿ ಹೊಸದರಂತೆ ಮಾಡಿದ ಕೋವಿಯ ಬೆಲೆ ಇಳಿಯುತ್ತದೆ. ಹಿಡಿಯ ಮೇಲಿನ ಗೀರು, ಕೈಯ ಬೆವರಿನಿಂದ ಸವೆದ ಬಣ್ಣ, ಹಳೆಯ ಮುದ್ರೆ ಇವೆಲ್ಲ ಇದ್ದಂತೆಯೇ ಇರಬೇಕು. ಅವು ಆ ಕೋವಿ ನಡೆದುಬಂದ ದಾರಿಯ ಸಾಕ್ಷಿಗಳು ಎಂಬುದು ಸಂಗ್ರಾಹಕರ ವಾದ. ತಯಾರಕರ ಹಳೆಯ ದಫ್ತರಗಳಿಂದ, ಇಂಥ ವರ್ಷ ಇಂಥವರಿಗೆ ಮಾರಿದ್ದು ಎಂಬ ನಕಲನ್ನು ಅವರು ತರಿಸಿಕೊಳ್ಳುತ್ತಾರೆ. ಕೋವಿಯ ಮೈಮೇಲಿನ ಒಂದು ಗೀರಿಗೂ ಸಾಕ್ಷಿಯ ಗೌರವ ಸಲ್ಲುತ್ತದೆ. ಅದೇ ಕೋವಿ ಬೇರೆ ಜೀವಗಳ ಮೈಮೇಲೆ ಮಾಡಿದ ಗಾಯಕ್ಕೆ ಆ ಗೌರವ ಸಲ್ಲುತ್ತದೆಯೇ?

ಸಲ್ಲುತ್ತದೆ, ಆದರೆ ತಲೆಕೆಳಗಾಗಿ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟರು 1909-10ರಲ್ಲಿ ಆಫ್ರಿಕದ ಬೇಟೆಗೆ ಹೋದರು. ತಾವೂ ತಮ್ಮ ಮಗನೂ ಸೇರಿ ಹೊಡೆದ ಪ್ರಾಣಿಗಳ ಪಟ್ಟಿಯನ್ನು ಅವರೇ ತಮ್ಮ ಪ್ರವಾಸ ಗ್ರಂಥದಲ್ಲಿ ಕೊಟ್ಟಿದ್ದಾರೆ, ಒಟ್ಟು 512. ಆ ಪ್ರವಾಸಕ್ಕೆಂದು ಅವರಿಗೆ ಉಡುಗೊರೆಯಾಗಿ ಬಂದಿದ್ದ ಜೋಡುನಳಿಗೆಯ ಕೋವಿಯೊಂದು 2010ರಲ್ಲಿ ಅಮೆರಿಕದ ಹರಾಜಿನಲ್ಲಿ 8,62,500 ಡಾಲರಿಗೆ ಮಾರಾಟವಾಯಿತು. ಅದೇ ಕಾರ್ಖಾನೆಯ ಅದೇ ಕಾಲದ ಕೋವಿಗಳು ಬೇರೆಯೂ ಇವೆ. ಅವುಗಳಿಗೆ ಈ ಬೆಲೆ ಬಾರದು. ಹೆಚ್ಚಿನ ಹಣ ಸಂದದ್ದು ಉಕ್ಕಿಗಲ್ಲ, ಮರಕ್ಕಲ್ಲ, ಕೆತ್ತನೆಗೂ ಅಲ್ಲ. ಹಿಡಿದ ಕೈಗೂ ಆ ಕೈ ಮಾಡಿದ ಬೇಟೆಯ ಕಥೆಗೂ ಸಂದದ್ದು. ಕೊಂದ ಕಥೆ ಇಲ್ಲಿ ಮಾರಾಟದ ಸರಕಾಗಿದೆ.

ಈ ಅಂಶವು ಧರ್ಮವಿಚಾರಕ್ಕೆ ನೇರವಾಗಿ ತಾಗುತ್ತದೆ. ಹಿಂಸೆಯು ಕೃತ, ಕಾರಿತ, ಅನುಮತ ಎಂದು ಮೂರು ಬಗೆಯಾಗಿ ಆತ್ಮವನ್ನು ಕಟ್ಟುತ್ತದೆ ಎಂಬುದನ್ನು ಜೈನ ಮನೆಗಳ ಮಕ್ಕಳೂ ಬಲ್ಲರು. ತಾನೇ ಮಾಡುವುದು ಒಂದು. ಇತರರಿಂದ ಮಾಡಿಸುವುದು ಮತ್ತೊಂದು. ಮಾಡಿದ್ದನ್ನು ಮೆಚ್ಚುವುದು ಮೂರನೆಯದು. ನೂರು ವರ್ಷದ ಹಿಂದಿನ ಬೇಟೆಯನ್ನು ಇಂದಿನ ಸಂಗ್ರಾಹಕನು ಮಾಡಲಿಲ್ಲ, ಮಾಡಿಸಲೂ ಇಲ್ಲ. ಆದರೆ ಕೊಂದ ಕಥೆಯಿದೆ ಎಂಬ ಕಾರಣಕ್ಕೆ ಹತ್ತು ಪಟ್ಟು ಬೆಲೆ ತೆತ್ತಾಗ ಅವನು ಆ ಕೊಲೆಯನ್ನು ಅನುಮೋದಿಸಿದ್ದಾನೆ. ಬೇಟೆಯು ಸಪ್ತವ್ಯಸನಗಳಲ್ಲಿ ಒಂದು. ವ್ಯಸನಿಯು ಸತ್ತ ಮೇಲೂ ಅವನ ವ್ಯಸನವನ್ನು ಹಣಕೊಟ್ಟು ಜೀವಂತವಾಗಿಡುವುದು ವ್ಯಸನದ ಇನ್ನೊಂದು ಮುಖ.

ಪ್ರಾಣಿಗಳು ಎಂದೋ ಸತ್ತಿವೆ, ಈಗ ಯಾರಿಗೆ ನೋವು ಎಂದು ಕೇಳುವವರಿಗೆ ಕನ್ನಡ ಕಾವ್ಯದಲ್ಲಿಯೇ ಉತ್ತರವಿದೆ. ಕವಿ ಜನ್ನನು 1209ರಲ್ಲಿ ಪೂರೈಸಿದ ಯಶೋಧರ ಚರಿತೆಯಲ್ಲಿ ಅರಸನು ಬಲಿಕೊಟ್ಟದ್ದು ಹಿಟ್ಟಿನ ಹುಂಜವನ್ನು. ಅದಕ್ಕೆ ಪ್ರಾಣವಿರಲಿಲ್ಲ, ನೋವಿರಲಿಲ್ಲ. ಆದರೂ ಅರಸನೂ ಅವನ ತಾಯಿಯೂ ಜನ್ಮಜನ್ಮಾಂತರಗಳಲ್ಲಿ ಮೃಗಪಕ್ಷಿಗಳಾಗಿ ತೊಳಲಿದರು. ಹಿಟ್ಟಿನ ಮೇಲೆ ಬಿದ್ದ ಕತ್ತಿಯ ಹಿಂದೆ ಕೊಲ್ಲುವ ಸಂಕಲ್ಪವಿತ್ತು ಎಂಬುದೇ ಕಾರಣ. ಹೊಳಪು ಬರಿಸಿದ ಕೋವಿಯನ್ನು ಭುಜಕ್ಕೇರಿಸಿ, ಗೋಡೆಯ ಮೇಲಿನ ಚಿತ್ರದ ಹುಲಿಗೆ ಗುರಿಯಿಟ್ಟು ಪುಳಕಗೊಳ್ಳುವವನ ಮನಸ್ಸಿನಲ್ಲಿ ಇರುವುದು ಯಾವ ಸಂಕಲ್ಪ ಎಂಬುದನ್ನು ಅವನೇ ಕೇಳಿಕೊಳ್ಳಬೇಕು.

ಈ ವಾದಕ್ಕೆ ಪ್ರಬಲವಾದ ಆಕ್ಷೇಪವೊಂದಿದೆ. ಎಲ್ಲ ಬೇಟೆಯೂ ವಿಲಾಸವಲ್ಲ. ನರಭಕ್ಷಕ ಮೃಗಗಳಿಂದ ಹಳ್ಳಿಗರನ್ನು ಕಾಪಾಡಿದ ಕೋವಿಗಳೂ ಇವೆ ಎಂಬುದು ಆ ಆಕ್ಷೇಪ. ಇದಕ್ಕೆ ಜಿಮ್ ಕಾರ್ಬೆಟ್ಟರ ರಿಗ್ಬಿ ರೈಫಲ್ಲನ್ನು ಉದಾಹರಿಸುವುದು ವಾಡಿಕೆ. ಕುಮಾಊಂ ಪ್ರಾಂತದ ಚಂಪಾವತ್‌ನಲ್ಲಿ 436 ಜನರನ್ನು ಬಲಿತೆಗೆದುಕೊಂಡಿತ್ತೆನ್ನಲಾದ ಹೆಣ್ಣುಹುಲಿಯನ್ನು ಅವರು 1907ರಲ್ಲಿ ಕೊಂದರು. ಅದರ ಸ್ಮರಣೆಗಾಗಿ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಹ್ಯೂಯೆಟ್ ಅವರು ಬೆಳ್ಳಿಯ ಫಲಕ ಕೂರಿಸಿದ ಆ ರೈಫಲ್ಲನ್ನು ಬಹುಮಾನವಾಗಿ ಕೊಟ್ಟರು. ತಯಾರಿಸಿದ ಸಂಸ್ಥೆಯೇ 2015ರಲ್ಲಿ ಅದನ್ನು ಮರಳಿ ಕೊಂಡು, 2016ರಲ್ಲಿ ಭಾರತಕ್ಕೂ ತಂದು ಪ್ರದರ್ಶಿಸಿತು. ಕಾರ್ಬೆಟ್ಟರದೇ ಆಗಿದ್ದ ಜೆಫ್ರಿ ಜೋಡುನಳಿಗೆ ರೈಫಲ್ಲೊಂದು 2015ರಲ್ಲಿಯೇ ಅಮೆರಿಕದ ಹರಾಜಿನಲ್ಲಿ ಎರಡೂವರೆ ಲಕ್ಷ ಡಾಲರಿಗೂ ಮಿಕ್ಕಿದ ಬೆಲೆಗೆ ಹೋಯಿತು.

ಪ್ರಾಣರಕ್ಷಣೆಗಾಗಿ ಅನಿವಾರ್ಯವಾಗಿ ಎದುರಿಸುವುದು ವಿರೋಧೀ ಹಿಂಸೆ. ಗೃಹಸ್ಥನು ಪೂರ್ಣವಾಗಿ ತ್ಯಜಿಸಲೇಬೇಕಾದದ್ದು ಸಂಕಲ್ಪೀ ಹಿಂಸೆ. ಈ ಭೇದವನ್ನು ಶಾಸ್ತ್ರವೇ ಮಾಡಿರುವುದರಿಂದ ಕಾರ್ಬೆಟ್ಟರನ್ನು ವಿಲಾಸಿಗಳ ಸಾಲಿನಲ್ಲಿ ನಿಲ್ಲಿಸಲಾಗದು. ಆದರೆ ಆ ಪ್ರಸಂಗದ ವಿವರಗಳನ್ನು ಅವರ ಬರಹದಿಂದಲೇ ತಿಳಿಯುವುದು ಒಳ್ಳೆಯದು. ಆ ಹುಲಿಯ ಬಲಬದಿಯ ಮೇಲಿನ ಮತ್ತು ಕೆಳಗಿನ ಕೋರೆಹಲ್ಲುಗಳು ಮುರಿದಿದ್ದವು. ಯಾವನೋ ಹೊಡೆದ ಗುಂಡು ಅವುಗಳನ್ನು ಮುರಿದಿತ್ತು. ಸಹಜವಾದ ಆಹಾರವನ್ನು ಹಿಡಿಯಲಾರದೆ ಅದು ನರಭಕ್ಷಕವಾಯಿತೆಂದು ಕಾರ್ಬೆಟ್ಟರು ಬರೆದಿದ್ದಾರೆ. ಎಂದರೆ ಆ 436 ಸಾವುಗಳ ಮೂಲದಲ್ಲಿಯೂ ಒಂದು ಬೇಟೆಯ ಕೋವಿಯಿತ್ತು. ಇನ್ನು ಹುಲಿಯನ್ನು ಕೊನೆಗಾಣಿಸಿದ್ದು ಬೆಳ್ಳಿಯ ಫಲಕದ ರೈಫಲ್ಲಲ್ಲ. ಅದು ಬಂದದ್ದು ಆಮೇಲೆ. ತಮ್ಮಲ್ಲಿದ್ದ ಮೂರು ತೋಟೆಗಳು ಮುಗಿದಾಗ ಕಾರ್ಬೆಟ್ಟರು ತಹಶೀಲ್ದಾರರಿಂದ ಎರವಲು ಪಡೆದ ಕೋವಿಯೇ ಕೊನೆಯ ಈಡನ್ನು ಹಾರಿಸಿತು. ಅದರ ನಳಿಗೆಗೂ ಹಿಂಬದಿಯ ತಡೆಗೂ ನಡುವೆ ಬೆರಳಗಲಕ್ಕೆ ಹತ್ತಿರವಾದ ಸಂದಿತ್ತು. ನಿಜವಾಗಿ ಜನರನ್ನು ಕಾಪಾಡಿದ ಆ ಹಾಳುಬಿದ್ದ ಕೋವಿಗೆ ಹರಾಜಿಲ್ಲ, ಫಲಕವಿಲ್ಲ, ಪ್ರದರ್ಶನವಿಲ್ಲ. ಒಂದು ಈಡನ್ನೂ ಅಂದು ಹಾರಿಸದ ಬಹುಮಾನದ ರೈಫಲ್ಲು ಲೋಕಪ್ರಸಿದ್ಧವಾಗಿದೆ. ಬೆಲೆ ಕಟ್ಟುವವರು ರಕ್ಷಣೆಗೆ ಬೆಲೆ ಕಟ್ಟುತ್ತಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಅಲ್ಲದೆ ನರಭಕ್ಷಕಗಳ ಮಾತು ಬೇಟೆಯ ಇತಿಹಾಸದಲ್ಲಿ ಒಂದು ಸಣ್ಣ ಪುಟವಷ್ಟೇ. ಐದನೆಯ ಜಾರ್ಜ್ ದೊರೆಯು 1911ರಲ್ಲಿ ನೇಪಾಳದ ತರಾಯಿಗೆ ಬಂದಾಗ ಹತ್ತು ದಿನಗಳ ಬೇಟೆಯಲ್ಲಿ ಅವನ ತಂಡವು 39 ಹುಲಿಗಳನ್ನೂ 18 ಖಡ್ಗಮೃಗಗಳನ್ನೂ ಕೊಂದಿತು. ಕೊರಿಯಾ ಸಂಸ್ಥಾನದ ಅರಸು ರಾಮಾನುಜ ಪ್ರತಾಪ ಸಿಂಹದೇವರು 1947ರಲ್ಲಿ ಒಂದು ರಾತ್ರಿ ಮೂರು ಚೀತಾಗಳನ್ನು ಹೊಡೆದರು. ಭಾರತದ ಕೊನೆಯ ಚೀತಾಗಳೆಂದು ದಾಖಲೆಯಲ್ಲಿ ಉಳಿದವು ಅವೇ. 1952ರಲ್ಲಿ ಆ ಜಾತಿ ದೇಶದಲ್ಲಿ ಅಳಿಯಿತೆಂದು ಸರ್ಕಾರ ಘೋಷಿಸಿತು. ಎಪ್ಪತ್ತು ವರ್ಷಗಳ ಮೇಲೆ, 2022ರಲ್ಲಿ, ನಮೀಬಿಯಾದಿಂದ ವಿಮಾನದಲ್ಲಿ ಚೀತಾಗಳನ್ನು ಮಧ್ಯಪ್ರದೇಶದ ಕೂನೋ ಅರಣ್ಯಕ್ಕೆ ತರಬೇಕಾಯಿತು. ತುಕ್ಕು ಹಿಡಿದ ಕೋವಿಯನ್ನು ಕೆಲವು ವಾರಗಳಲ್ಲಿ ಮೊದಲಿನಂತೆ ಮಾಡಬಹುದು. ಅದು ಅಳಿಸಿದ ಜಾತಿಯನ್ನು ಮೊದಲಿನಂತೆ ಮಾಡುವ ಕುಶಲಿ ಇನ್ನೂ ಹುಟ್ಟಿಲ್ಲ.

ಕನ್ನಡ ನಾಡಿಗೂ ಈ ಲೆಕ್ಕದಲ್ಲಿ ಪಾಲಿದೆ. ಬಂಡೀಪುರವು 1973ರಲ್ಲಿ ಹುಲಿ ಯೋಜನೆಗೆ ಸೇರುವ ಮೊದಲು ಮೈಸೂರು ಅರಸರ ಬೇಟೆಯ ಕಾಡಾಗಿತ್ತು. ಸತ್ತ ಮೃಗಗಳ ಚರ್ಮವನ್ನು ಹದಮಾಡಿ, ಜೀವಂತವೆಂಬಂತೆ ನಿಲ್ಲಿಸಿ ಕೊಡುತ್ತಿದ್ದ ವಾನ್ ಇಂಗೆನ್ ಕಾರ್ಖಾನೆಯು ಇಪ್ಪತ್ತನೆಯ ಶತಮಾನದ ಬಹುಭಾಗ ಮೈಸೂರಿನಲ್ಲಿಯೇ ನಡೆಯಿತು. ಹುಲಿ ಮತ್ತು ಚಿರತೆಗಳೇ 40,000ಕ್ಕೂ ಮಿಕ್ಕಿ ಅಲ್ಲಿ ಹದಗೊಂಡವು. ಕೋವಿಯ ತಯಾರಕನ ದಫ್ತರದಲ್ಲಿ ಮಾರಿದ ಕೋವಿಯ ಲೆಕ್ಕವಿದೆ. ಚರ್ಮ ಹದಮಾಡುವವನ ದಫ್ತರದಲ್ಲಿ ಬಂದ ಚರ್ಮದ ಲೆಕ್ಕವಿದೆ. ಈ ಎರಡು ದಫ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಮಾತ್ರ ಒಂದು ಹಳೆಯ ರೈಫಲ್ಲಿನ ನಿಜವಾದ ಬೆಲೆ ತಿಳಿಯುತ್ತದೆ. ಹರಾಜಿನ ಪಟ್ಟಿಯು ಮೊದಲನೆಯದನ್ನು ಗೌರವದಿಂದ ಉಲ್ಲೇಖಿಸಿ, ಎರಡನೆಯದನ್ನು ಸಾಹಸದ ಕಥೆಯಾಗಿ ಮಾರ್ಪಡಿಸುತ್ತದೆ.

ಹಾಗಾದರೆ ಹಳೆಯ ಕೋವಿಗಳನ್ನೆಲ್ಲ ತುಕ್ಕು ತಿಂದು ಹಾಳಾಗಲು ಬಿಡಬೇಕೇ? ಬಿಡಬೇಕಾಗಿಲ್ಲ. ನಡೆದದ್ದರ ಸಾಕ್ಷಿಯನ್ನು ನಾಶಮಾಡುವುದರಿಂದ ನಡೆದದ್ದು ಇಲ್ಲವಾಗುವುದಿಲ್ಲ. ಇಲ್ಲಿ ಎರಡು ಕೆಲಸಗಳನ್ನು ಬೇರ್ಪಡಿಸಿ ನೋಡಬೇಕು. ತುಕ್ಕು ಮುಂದುವರಿಯದಂತೆ ತಡೆದು, ತೇವ ತಾಗದಂತೆ ಕಾಯ್ದು, ವಸ್ತುವನ್ನು ಇದ್ದ ಸ್ಥಿತಿಯಲ್ಲಿ ಉಳಿಸುವುದು ಸಂರಕ್ಷಣೆ. ವಸ್ತುಸಂಗ್ರಹಾಲಯಗಳು ಮಾಡಬೇಕಾದದ್ದು ಇದನ್ನೇ. ಅದೇ ಕೋವಿ ಮತ್ತೆ ಈಡು ಹಾರಿಸುವಂತೆ ನಳಿಗೆಯನ್ನೂ ಕುದುರೆಯನ್ನೂ ಸರಿಪಡಿಸುವುದು ಆಯುಧಕ್ಕೆ ಪುನರ್ಜನ್ಮ ಕೊಡುವುದು. ಇತಿಹಾಸಕ್ಕೆ ಮೊದಲನೆಯದು ಸಾಕು. ಎರಡನೆಯದು ಬೇಕಾಗುವುದು ಬೇರೆ ಆಸೆಗೆ. ದೇಶದ ಕಾನೂನು ಸಹ ಈ ಗೆರೆಯನ್ನು ಗುರುತಿಸಿದೆ. ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧವು ದುರಸ್ತಿ ಮಾಡಿದರೂ ಕೋವಿಯಾಗಿ ಬಳಕೆಗೆ ಬಾರದಂತಿದ್ದರೆ 1959ರ ಶಸ್ತ್ರಾಸ್ತ್ರ ಕಾಯಿದೆಯು ತನ್ನ 45ನೆಯ ಪ್ರಕರಣದಲ್ಲಿ ಅದಕ್ಕೆ ವಿನಾಯಿತಿ ನೀಡುತ್ತದೆ. ದುರಸ್ತಿಯಾಗಿ ಹಾರುವಂತಿದ್ದರೆ ಅದಕ್ಕೆ ಎಷ್ಟೇ ವಯಸ್ಸಾಗಿದ್ದರೂ ಆ ವಿನಾಯಿತಿ ಸಲ್ಲದು. ಕೊಲ್ಲಬಲ್ಲುದೋ ಇಲ್ಲವೋ ಎಂಬುದೇ ಅಲ್ಲಿ ಕೇಳುವ ಪ್ರಶ್ನೆ. ಧರ್ಮವು ಕೇಳುವುದೂ ಅದನ್ನೇ.

ಕೋವಿಯು ಮನೆತನದ ಗೌರವ, ಅದನ್ನು ನಿಷ್ಕ್ರಿಯಗೊಳಿಸುವುದು ಹಿರಿಯರಿಗೆ ಮಾಡುವ ಅವಮಾನ ಎನ್ನುವವರು ಕೊಡಗನ್ನು ತೋರಿಸುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಿಗೆಯಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಬ್ರಿಟಿಷರ ಕಾಲದಿಂದ ನಡೆದುಬಂದಿದೆ. 2019ರಲ್ಲಿ ಅದನ್ನು ಹತ್ತು ವರ್ಷಗಳಿಗೆ ಮುಂದುವರಿಸಲಾಯಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಂದು ಅಲ್ಲಿ ಕೋವಿಗೆ ತೋಕ್‌ಪೂ ಮುಡಿಸಿ ಪೂಜಿಸುತ್ತಾರೆ. ಆದರೆ ಆ ನಿದರ್ಶನವನ್ನು ಪೂರ್ತಿಯಾಗಿ ನೋಡಿದರೆ ಅದು ಈ ಲೇಖನದ ಪಕ್ಷಕ್ಕೇ ಬರುತ್ತದೆ. ನಾಟಿಯ ಕೆಲಸ ಮುಗಿಸಿ ಬೇಟೆಗೆ ಹೊರಡುವ ದಿನವಾಗಿದ್ದ ಹಬ್ಬದಲ್ಲಿ ಈಗ ಗುರಿಯಾಗುವುದು ಮರದ ಮೇಲೆ ಕಟ್ಟಿದ ತೆಂಗಿನಕಾಯಿ. ಬೇಟೆ ಹೋಯಿತು; ಮನೆತನದ ಮಾನ ಕುಂದಲಿಲ್ಲ, ಹಬ್ಬದ ಸಂಭ್ರಮ ತಗ್ಗಲಿಲ್ಲ. ಕೋವಿಯ ಗೌರವಕ್ಕೆ ಕೊಲೆ ಅನಿವಾರ್ಯವಲ್ಲವೆಂಬುದನ್ನು ಒಂದು ಇಡೀ ನಾಡು ನಡೆದು ತೋರಿಸಿದೆ. ಸಂಗ್ರಾಹಕರು ಕಲಿಯಬೇಕಾದ ಪಾಠ ಇದೇ.

ಶ್ರಾವಕರ ಮನೆಗಳಿಗೆ ಈ ವಿಚಾರವು ದೂರದ್ದೆಂದು ಯಾರೂ ತಿಳಿಯಬಾರದು. ಮಲೆನಾಡಿನಲ್ಲೂ ಕರಾವಳಿಯಲ್ಲೂ ಬೆಳೆರಕ್ಷಣೆಯ ಪರವಾನಿಗೆಯ ಮೇಲೆ ಕೋವಿ ಇಟ್ಟ ಕೃಷಿಕ ಮನೆತನಗಳಿವೆ. ಅಜ್ಜನ ಕಾಲದ ಕೋವಿ ಮೂಲೆಯಲ್ಲಿದ್ದರೆ, ದುರಸ್ತಿ ಮಾಡಿಸಿ ಮಾರಿದರೆ ಒಳ್ಳೆಯ ಹಣ ಬರುತ್ತದೆಂಬ ಸಲಹೆ ಎಂದಾದರೊಂದು ದಿನ ಬಂದೇ ಬರುತ್ತದೆ. ಆಗ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡಗಳಲ್ಲಿ ಹಿಂಸಾದಾನವನ್ನು ಎಣಿಸಿದೆಯೆಂಬುದು ನೆನಪಿಗೆ ಬರಬೇಕು. ಕೊಡಲಿ, ಕತ್ತಿ, ಬೆಂಕಿ, ಸಂಕೋಲೆಗಳಂತಹ ಹಿಂಸೆಯ ಸಾಧನಗಳನ್ನು ಇನ್ನೊಬ್ಬರ ಕೈಗೆ ದಾಟಿಸುವುದೇ ಅಲ್ಲಿ ದೋಷ. ಕೊಟ್ಟವನು ಕೊಲ್ಲಲಿಲ್ಲ ಎಂಬ ಸಮಾಧಾನಕ್ಕೆ ಅಲ್ಲಿ ಎಡೆಯಿಲ್ಲ. ಮಾರಿದ ಕೋವಿಯು ಯಾರ ಕೈಸೇರಿ ಯಾವ ಕಾಡಿನಲ್ಲಿ ಸಿಡಿಯುವುದೆಂಬುದು ಮಾರಿದವನ ಹಿಡಿತದಲ್ಲಿಲ್ಲ. ಅದರ ಋಣ ಮಾತ್ರ ಅವನ ಲೆಕ್ಕದಲ್ಲಿರುತ್ತದೆ.

ಮಾಡಬೇಕಾದ ಕೆಲಸ ಸರಳವಾಗಿದೆ. ಪರವಾನಿಗೆ ಹೊಂದಿದ ಹಿರಿಯರು ತೀರಿಕೊಂಡಿದ್ದರೆ ಕೋವಿಯನ್ನು ಪೊಲೀಸ್ ಠಾಣೆಯಲ್ಲೋ ಅಧಿಕೃತ ವ್ಯಾಪಾರಿಯಲ್ಲೋ ಠೇವಣಿ ಇಡುವುದು ಮೊದಲ ಕರ್ತವ್ಯ. ಕೋವಿಯ ದುರಸ್ತಿಗೂ ಪರವಾನಿಗೆ ಬೇಕು. ಊರ ಕಮ್ಮಾರನ ಕೈಯಲ್ಲಿ ಸರಿಮಾಡಿಸುವುದು ಅಪರಾಧ. ತುಕ್ಕು ಕೊರೆದ ನಳಿಗೆಯು ಸಿಡಿದರೆ ಹಿಡಿದವನ ಕೈಯೇ ಹೋದೀತು. 2019ರ ತಿದ್ದುಪಡಿಯ ಮೇಲೆ ಒಬ್ಬ ಸಾಮಾನ್ಯ ಪರವಾನಿಗೆದಾರನು ಎರಡಕ್ಕಿಂತ ಹೆಚ್ಚು ಕೋವಿ ಇಟ್ಟುಕೊಳ್ಳುವಂತಿಲ್ಲ. ಮನೆತನದ ನೆನಪಿಗಾಗಿ ಒಂದನ್ನು ಉಳಿಸಲೇಬೇಕೆಂದಿದ್ದರೆ, ಅಧಿಕಾರಿಗಳ ಅನುಮತಿ ಪಡೆದು, ಅದು ಎಂದೆಂದಿಗೂ ಹಾರದಂತೆ ಮಾಡಿಸಿ ಇಡಬಹುದು. ಅದರ ಪಕ್ಕದಲ್ಲಿ ಒಂದು ಹಲಗೆಯ ಮೇಲೆ ಎರಡು ಸಾಲು ಬರೆಸಬೇಕು: ಯಾರು ಮಾಡಿದ್ದು, ಯಾರು ಇಟ್ಟುಕೊಂಡಿದ್ದರು ಎಂಬುದು ಒಂದು ಸಾಲು, ಮನೆಯವರ ನೆನಪಿನಲ್ಲಿ ಉಳಿದಷ್ಟು, ಅದು ಯಾವ ಯಾವ ಜೀವಗಳನ್ನು ಕೊಂದಿತು ಎಂಬುದು ಇನ್ನೊಂದು ಸಾಲು.

ಆ ಎರಡನೆಯ ಸಾಲನ್ನು ಬರೆಸಲು ಹಿಂಜರಿಯುವವನು ಕೋವಿಯನ್ನು ಇತಿಹಾಸವೆಂದು ಕರೆಯುವ ಹಕ್ಕನ್ನು ಕಳೆದುಕೊಳ್ಳುತ್ತಾನೆ. ಬರೆಸಿದ ಮೇಲೆಯೂ ಅದಕ್ಕೆ ಲಕ್ಷ ಕೊಡಲು ಮುಂದಾಗುವವನು ತಾನು ಕೊಳ್ಳುತ್ತಿರುವುದು ಏನೆಂಬುದನ್ನು ಅರಿತೇ ಕೊಳ್ಳುತ್ತಾನೆ, ಅವನಿಗೆ ಮಾರಬಾರದು. ಕೋವಿಯ ತುಕ್ಕನ್ನು ತೆಗೆಯಲು ಎಣ್ಣೆ ಸಾಕು, ಉಕ್ಕಿನ ಎಳೆ ಸಾಕು. ಕೊಂದದ್ದನ್ನು ಮೆಚ್ಚುವ ಮನಸ್ಸಿನ ತುಕ್ಕನ್ನು ತೆಗೆಯಲು ಸಂಯಮವೊಂದೇ ಸಾಧನ. ವಿವೇಕಿಗಳಾದ ಶ್ರಾವಕರು ಆ ಎರಡನೆಯ ಕೆಲಸವನ್ನು ಮೊದಲು ಕೈಗೆತ್ತಿಕೊಳ್ಳಬೇಕು.